ಮರುದೇವಿಯ ಬಾಕಿ ಹಣ

ಫೆಬ್ರವರಿ ೧೯, ಬುಧವಾರ

ತಂಗಿ ಮರುವಿನ ಅಪೀಲು ಗೆದ್ದಿತು. ಪಾರ್ಶ್ವನಾಥ ಸ್ವಾಮಿಯ ದಯೆ.

ಮೂರು ವರ್ಷದ ಹಿಂದೆ ಅವಳ ಕಾರ್ಡು ಹೊಸದು ಮಾಡುವಾಗ ಡಾಕ್ಟರು ಕಾಲು ನೋಡಿ ಶೇಕಡಾ ಮೂವತ್ತೈದು ಎಂದು ಬರೆದುಬಿಟ್ಟರು. ನಲವತ್ತು ಇಲ್ಲದಿದ್ದರೆ ಅಂಗವಿಕಲ ವೇತನ ಇಲ್ಲ. ಕೂಸಾಗಿದ್ದಾಗ ಪೋಲಿಯೋ ಬಂದ ಕಾಲು, ವಯಸ್ಸು ನಲವತ್ತು ದಾಟಿದ ಮೇಲೆ ತನ್ನಷ್ಟಕ್ಕೆ ಗುಣ ಆಯಿತು ಅಂತ ಲೆಕ್ಕ! ಈಗ ಎ.ಸಿ. ಸಾಹೇಬರು ಪುನಃ ಪರೀಕ್ಷೆ ಮಾಡಿಸಿ, ಅರವತ್ತು ಎಂದು ಬಂದು, ವೇತನವನ್ನೂ ಕೊಡಿ, ನಿಲ್ಲಿಸಿದ ತಿಂಗಳುಗಳ ಬಾಕಿಯನ್ನೂ ಒಟ್ಟಿಗೆ ಕೊಡಿ ಎಂದು ಆರ್ಡರ್ ಮಾಡಿದ್ದಾರೆ.

ಆರ್ಡರು ಕೈಗೆ ಬಂದ ಕೂಡಲೇ ನನ್ನ ತಂಗಿ ಹೋದದ್ದು ಎಲ್ಲಿಗೆ? ಪಕ್ಕದ ಮನೆಗೆ. ನಾನು ಬಸದಿಯಲ್ಲಿ ಹೂ ಕಟ್ಟಿ ಬರುವಾಗ ಖದೀಜಳ ಜಗಲಿಯಲ್ಲಿ ಇಬ್ಬರೂ ಶರಬತ್ತು ಕುಡಿದು ನಗಾಡುತ್ತಾ ಇದ್ದರು. ನನ್ನನ್ನು ನೋಡಿ ಮರು, "ಅಕ್ಕ, ಗೆದ್ದೆವು!" ಎಂದಳು. ಗೆದ್ದೆವು ಅಂದರೆ ಅವರಿಬ್ಬರು. ಅಪೀಲು ಹಾಕಲಿಕ್ಕೆ ದಾರಿ ಹುಡುಕಿದ್ದು, ಆಫೀಸಿಗೆ ಕರೆದುಕೊಂಡು ಹೋದದ್ದು ಎಲ್ಲ ಖದೀಜ, ಒಪ್ಪಿದೆ. ಆದರೆ ಆ ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸವೆದದ್ದಕ್ಕೆ ಆರ್ಡರ್ ಯಾರು ಮಾಡುವುದು?

ಮಾತಾಜಿಯವರು ಮೂಡಬಿದಿರೆಯಲ್ಲಿ ಪ್ರವಚನ ಮಾಡುವಾಗ, ಮಲಗುವ ಮೊದಲು ಆ ದಿನದ ನಮ್ಮ ತಪ್ಪುಗಳನ್ನು ಬರೆದಿಡಿ, ಮನಸ್ಸು ಹಗುರ ಆಗ್ತದೆ ಎಂದಿದ್ದರು. ಅದಕ್ಕೇ ಸೊಸೈಟಿಯವರು ಕೊಟ್ಟ ಈ ಡೈರಿ ತೆಗೆದೆ.

ಇವತ್ತು ನನ್ನ ತಪ್ಪು ಅಂತ ಏನೂ ಇಲ್ಲ. ಖದೀಜ ಶರಬತ್ತಿಗೆ ಸಕ್ಕರೆ ಹೆಚ್ಚು ಹಾಕುತ್ತಾಳೆ.

ಫೆಬ್ರವರಿ ೨೪, ಸೋಮವಾರ

ಬಾಕಿ ಹಣ ಬಂದರೆ ಏನು ಮಾಡ್ತೀ ಎಂದು ಕೇಳಿದೆ. ಮನೆಯ ಹಂಚು ಹೊದಿಸುವ, ಅಥವಾ ನಿನ್ನ ಕೈಗೆ ಕೊಡ್ತೇನೆ ಎಂದಾಳು ಎಂದು ಎಣಿಸಿದ್ದೆ.

"ಸ್ಕೂಟರ್," ಎಂದಳು. ಹಿಂದಿನ ಚಕ್ರದ ಎರಡು ಬದಿಗೆ ಇನ್ನೆರಡು ಚಕ್ರ ಹಾಕಿದ್ದು ಬರುತ್ತದಲ್ಲ, ಅಂಥದ್ದು, ಸೆಕೆಂಡ್ ಹ್ಯಾಂಡ್. ಅದರಲ್ಲಿ ದಿನಾ ತೋಡಾರಿಗೆ ಹೋಗುವುದಂತೆ. ಅಲ್ಲಿ ಖದೀಜಳ ಅಣ್ಣನ ಮಗಳು ಶಹಲಾ ಮದುವೆ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮರುವಿನ ಹೊಲಿಗೆ ಕೈ ಚೆಂದ, ಬನ್ನಿ ಎಂದಿದ್ದಾಳಂತೆ.

"ಬಿದ್ದರೆ?"

"ಬಿದ್ದರೆ ಏಳುವುದು. ನನಗೆ ಅಭ್ಯಾಸ ಉಂಟಲ್ಲ ಅಕ್ಕ."

"ಮನೆಯಲ್ಲೇ ಹೊಲಿಯುತ್ತೀಯಲ್ಲ, ಏನು ಕಡಿಮೆಯಾಗಿದೆ ಇಲ್ಲಿ?"

ಮರು ದಾರಕ್ಕೆ ಗಂಟು ಹಾಕಿ ಹಲ್ಲಿನಲ್ಲಿ ಕಡಿದಳು.

ನನಗೆ ಎರಡು ಸಂಬಂಧ ಬಂದಿತ್ತು. ಒಂದು ನಾರಾವಿಯದ್ದು, ಒಳ್ಳೆಯ ಮನೆ. ಅಮ್ಮ ಹೋದ ಮೇಲೆ ಇವಳನ್ನು ಯಾರ ಕೈಯಲ್ಲಿ ಬಿಡುವುದು ಎಂದು ಬೇಡ ಎಂದೆ. ಅದನ್ನು ಅವಳಿಗೆ ಒಂದು ದಿನವೂ ಎತ್ತಿ ಹೇಳಿದವಳಲ್ಲ. ಇವತ್ತು ಮಾತ್ರ ಹೇಳಿದೆ.

ಮಾರ್ಚ್ ೨, ಭಾನುವಾರ

ಖದೀಜಳಿಗೆ ಇವತ್ತಿನಿಂದ ರಂಜಾನ್ ಉಪವಾಸ. ಅವಳು ಸೂರ್ಯ ಮುಳುಗಿದ ಮೇಲೆ ಉಣ್ಣುವುದು. ನಾವು ಸೂರ್ಯ ಮುಳುಗುವ ಮೊದಲೇ ಉಂಡು ಪಾತ್ರೆ ಕವುಚಿ ಹಾಕುವವರು. ಆಮೇಲೆ ಬೆಳಗಾಗುವವರೆಗೆ ಏನೂ ತಿನ್ನುವುದಿಲ್ಲ. ಹುಟ್ಟಿದಂದಿನಿಂದ ಹಾಗೆ.

ಆರು ಗಂಟೆಗೆ ಮರುವಿಗೆ ಬಡಿಸಿದೆ. ಅರ್ಧ ತಿಂದು, "ಸಾಕು, ಹೊಟ್ಟೆಯಲ್ಲಿ ಜಾಗ ಇರಲಿ," ಎಂದಳು. ಯಾವುದಕ್ಕೆ ಜಾಗ ಎಂದು ನನಗೆ ಆಮೇಲೆ ಗೊತ್ತಾಯಿತು. ಮಸೀದಿಯ ಬಾಂಗ್ ಆದ ಮೇಲೆ ಊರುಗೋಲು ಹಿಡಿದು ಪಕ್ಕದ ಮನೆಗೆ ಹೋದಳು. ಖರ್ಜೂರ, ಕಲ್ಲಂಗಡಿ, ರವೆ ಗಂಜಿ! ಖದೀಜಳ ಗಂಡ ಅಬ್ದುಲ್ಲ ಸೌದಿಯಲ್ಲಿ, ಮಗಳು ಗಂಡನ ಮನೆಯಲ್ಲಿ. ಒಬ್ಬಳೇ ಕೂತು ಉಪವಾಸ ಬಿಡುವುದು ನೋಡಲಿಕ್ಕಾಗುವುದಿಲ್ಲವಂತೆ ನನ್ನ ತಂಗಿಗೆ.

"ರಾತ್ರಿ ತಿಂದೆಯಾ?" ಎಂದೆ.

"ಖದೀಜಕ್ಕ ಕೊಟ್ಟರು, ತಿಂದೆ."

ಅಕ್ಕ ಎಂಬ ಮಾತನ್ನು ಎಷ್ಟು ಸಲೀಸಾಗಿ ಹಂಚಿಬಿಡುತ್ತಾಳೆ! ನಾನೂ ಒಬ್ಬಳೇ ಕೂತು ಉಣ್ಣುತ್ತೇನೆ, ಆರು ಗಂಟೆಗೆ. ಅದನ್ನು ನೋಡಲಿಕ್ಕೆ ಆಗ್ತದೆ ಅವಳಿಗೆ.

ಮಾರ್ಚ್ ೭, ಶುಕ್ರವಾರ

ಅಷ್ಟಾಹ್ನಿಕ ಪರ್ವ ಶುರು. ಎಂಟು ದಿನ ನನಗೆ ಒಂದೇ ಹೊತ್ತು ಊಟ. ಮರು ಈ ಸಲ ಮಾಡುವುದಿಲ್ಲವಂತೆ, ಹೊಲಿಗೆ ಉಂಟಂತೆ.

ಬೇಲಿಯ ಆಚೆಯಿಂದ ಖದೀಜ, "ಏನು ರಾಜೀವಿ, ನಿನ್ನದೂ ಉಪವಾಸವಾ? ಇಬ್ಬರಲ್ಲಿ ಯಾರು ಮೊದಲು ಬೀಳುವುದು ನೋಡುವ," ಎಂದಳು. ಧರ್ಮದ ವಿಷಯದಲ್ಲಿ ತಮಾಷೆ.

ಅವಳು ನೀರು ಕೂಡ ಕುಡಿಯುವುದಿಲ್ಲ, ಈ ಸೆಕೆಯಲ್ಲಿ. ನಾನು ಮಧ್ಯಾಹ್ನ ಊಟದೊಟ್ಟಿಗೆ ಎರಡು ಚೆಂಬು ಕುಡಿದೆ. ನಾಳೆಯಿಂದ ಒಂದು ಕುಡಿದರೆ ಸಾಕು.

ಮಾರ್ಚ್ ೧೩, ಗುರುವಾರ

ಚತುರ್ದಶಿ. ಇವತ್ತು ನನಗೆ ಪೂರ್ತಿ ಮೌನ, ನಾಳೆ ಬಸದಿಯಲ್ಲಿ ಅಭಿಷೇಕ ಆಗುವವರೆಗೆ. ಬರೆಯಬಹುದು, ಮಾತಾಡುವ ಹಾಗಿಲ್ಲ.

ಹನ್ನೊಂದು ಗಂಟೆಗೆ ಫೋನು ರಿಂಗ್ ಆಯಿತು. ಮನೆಗೆ ಒಂದೇ ಫೋನು ಸಾಕು ಎಂದು ನಾನೇ ಇಟ್ಟುಕೊಂಡದ್ದು, ಮರುವಿನ ಅರ್ಜಿಗೂ ನನ್ನದೇ ನಂಬರು. ಅವಳು ಪಕ್ಕದ ಮನೆಯಲ್ಲಿದ್ದಳು. ಇನ್ನೆಲ್ಲಿ ಇರುವುದು? ಫೋನು ಎತ್ತಿ ಕಿವಿಗೆ ಇಟ್ಟೆ. ಆಫೀಸಿನ ಹುಡುಗಿ. "ಹಲೋ, ಮರುದೇವಿಯವರಾ? ನಿಮ್ಮ ಬಾಕಿ ಹಣದ ಬಿಲ್ಲು ರೆಡಿ ಉಂಟು. ಆದರೆ ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಬ್ಯಾಂಕಿಗೆ ಹೋಗಿ ಮಾಡಿಸಿ, ಆಮೇಲೆ ಇಲ್ಲಿಗೆ ಬಂದು ಬೆರಳು ಕೊಡಬೇಕು. ಮಾರ್ಚ್ ಕೊನೆಯೊಳಗೆ ಆಗದಿದ್ದರೆ ಬಿಲ್ಲು ವಾಪಸ್ ಹೋಗ್ತದೆ. ಮತ್ತೆ ಯಾವಾಗ ಅಂತ ನನಗೂ ಗೊತ್ತಿಲ್ಲ. ಹಲೋ? ಹಲೋ?" ಪುನಃ ಮೊದಲಿನಿಂದ ಎಲ್ಲ ಹೇಳಿದಳು. ಪಾಪ, ಒಳ್ಳೆಯ ಹುಡುಗಿ.

ವ್ರತ ಮುರಿಯಲಿಲ್ಲ. ಚೀಟಿಯಲ್ಲಿ ಬರೆದು ಮರುವಿಗೆ ತೋರಿಸಬಹುದಿತ್ತು. ಕನ್ನಡಕ ಸಿಗಲಿಲ್ಲ.

ಮಾರ್ಚ್ ೧೪

ಅಭಿಷೇಕ ಚೆನ್ನಾಗಿ ಆಯಿತು. ಮೌನ ಮುಗಿಯಿತು. ಮನೆಗೆ ಬರುವಾಗ ಮರು ಇರಲಿಲ್ಲ. ಅವಳು ಬಂದ ಮೇಲೆ ಹೇಳಲಿಕ್ಕೆ ಮರೆತೆ.

ಮಾರ್ಚ್ ೧೮, ಮಂಗಳವಾರ

"ಆಫೀಸಿನಿಂದ ಫೋನ್ ಬಂತಾ ಅಕ್ಕ?"

"ಬಂದರೆ ಹೇಳುವುದಿಲ್ಲವಾ?"

ಇದು ಸುಳ್ಳಲ್ಲ. ಪ್ರಶ್ನೆ ಕೇಳಿದ್ದು ಅಷ್ಟೇ.

ಅವಳು ಕಾಗದದಲ್ಲಿ ಸ್ಕೂಟರಿನ ಚಿತ್ರ ಬಿಡಿಸಿ ಹೊಲಿಗೆ ಮೆಷಿನಿನ ಮೇಲೆ ಅಂಟಿಸಿದ್ದಾಳೆ. ಹಿಂದಿನ ಸೀಟು ಬಿಡಿಸಿಲ್ಲ. ಶಹಲಾಳ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿ ಉಂಟು ಎಂದು ಖದೀಜ ಯಾರ ಹತ್ತಿರವೋ ಹೇಳುವುದು ಕೇಳಿಸಿತು. ಈಗ ಅರ್ಥ ಆಯಿತು. ಮೊದಲು ಸ್ಕೂಟರು, ಆಮೇಲೆ ಕೋಣೆ. ನಲವತ್ತು ವರ್ಷ ನಾನು ಸಾಕಿದ್ದು, ಕೊನೆಗೆ ಕೊಂಡು ಹೋಗುವುದು ಅವಳು.

ಮಾರ್ಚ್ ೨೨

ಬಸದಿಯಲ್ಲಿ ಕಣ್ಣು ಮುಚ್ಚಿ ನಿಂತೆ. ಮೊದಲೆಲ್ಲ, ಮರುವಿನ ಹಣ ಬೇಗ ಬರಲಿ ಎಂದು ಬೇಡುತ್ತಿದ್ದೆ. ಇವತ್ತು ಏನು ಬೇಡುವುದು ಎಂದು ಗೊತ್ತಾಗಲಿಲ್ಲ. ಸುಮ್ಮನೆ ಅಕ್ಕಿ ಹಾಕಿ ಬಂದೆ.

ಮಾರ್ಚ್ ೨೭

ರಾತ್ರಿ ನಿದ್ದೆ ಇಲ್ಲ. ಸೆಕೆ.

ಮಾರ್ಚ್ ೨೮, ಶುಕ್ರವಾರ

ಹೇಳಿದೆ. ಮರುವಿಗೆ ಅಲ್ಲ, ಖದೀಜಳಿಗೆ.

ಯಾಕೆ ಅವಳಿಗೆ ಹೇಳಿದೆ ಎಂದು ನನಗೇ ತಿಳಿಯದು. ಬಟ್ಟೆ ಒಣಗಿಸುತ್ತಾ ಇದ್ದಳು. ಬಾಯಿ ಒಣಗಿ ತುಟಿಯೆಲ್ಲ ಬಿಳಿಚಿಕೊಂಡಿತ್ತು. ಬೇಲಿಯ ಹತ್ತಿರ ಹೋಗಿ, ಹೀಗೆ ಹೀಗೆ, ಫೋನು ಬಂದಿತ್ತು, ಹೇಳಲಿಲ್ಲ ಎಂದೆ.

"ಯಾವಾಗ ಬಂದದ್ದು?"

"ಹದಿಮೂರಕ್ಕೆ."

ಅವಳು ಹಿಂಡಿದ ಬಟ್ಟೆಯನ್ನೇ ಪುನಃ ಹಿಂಡಿದಳು. "ನನ್ನ ಹತ್ತಿರ ಯಾಕೆ ಹೇಳ್ತೀ ಮಾರಾಯ್ತಿ? ಅವಳ ಹತ್ತಿರ ಹೇಳು."

"ಬಾಯಿ ಬರುವುದಿಲ್ಲ."

"ನನ್ನನ್ನು ಬೈಯಲಿಕ್ಕೆ ಚೆನ್ನಾಗಿ ಬರ್ತದಲ್ಲ. ನಿನ್ನ ಕಿಟಕಿ ಇರುವುದು ನನ್ನ ಅಡುಗೆಮನೆಗೆ ಎದುರು, ಗೊತ್ತುಂಟಾ? ಒಬ್ಬಳೇ ಇರುವಾಗ ಗಟ್ಟಿಯಾಗಿ ಮಾತಾಡ್ತೀ ನೀನು."

ನನಗೆ ಭೂಮಿ ಬಿರಿಯಬಾರದೇ ಎನಿಸಿತು. ಶರಬತ್ತಿನ ಸಕ್ಕರೆಯ ವಿಷಯವೂ ಕೇಳಿಸಿರಬಹುದಾ?

"ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದೆ.

"ಜಗಳ ಮಾಡಲಿಕ್ಕೂ ಶಕ್ತಿ ಬೇಕು, ರಂಜಾನ್ ಕಳೆಯಲಿ ಎಂದು ಕಾಯ್ತಾ ಇದ್ದೆ." ನಕ್ಕಳು. ಆಮೇಲೆ ನಗಲಿಲ್ಲ. "ನೋಡು ರಾಜೀವಿ. ಮರು ಕೇಳಿದರೆ ನಾನು ಸುಳ್ಳು ಹೇಳಲಿಕ್ಕಿಲ್ಲ, ಉಪವಾಸ ಹಿಡಿದಿದ್ದೇನೆ. ಕೇಳದಿದ್ದರೆ ನಾನಾಗಿ ಹೇಳಲಿಕ್ಕೂ ಇಲ್ಲ. ನಾಡಿದ್ದು ಭಾನುವಾರ, ಸೋಮವಾರ ನಮಗೆ ಹಬ್ಬ. ಇರುವುದು ನಾಳೆ ಒಂದು ದಿನ. ಕುಶಾಲಪ್ಪನಿಗೆ ಫೋನ್ ಮಾಡು, ಎಂಟು ಗಂಟೆಗೆ ರಿಕ್ಷಾ ಬೇಕು ಅಂತ."

"ನೀನೂ ಬರ್ತೀಯಾ?"

"ಮತ್ತೆ? ನಿನ್ನನ್ನು ನಂಬಿ ಕಳಿಸುವುದಾ?"

ಮರುವಿಗೆ, ನಾಳೆ ಆಫೀಸಿಗೆ ಬರಬೇಕಂತೆ ಎಂದಷ್ಟೇ ಹೇಳಿದೆ. ಅವಳ ಮುಖ ನೋಡಲಿಕ್ಕಾಗಲಿಲ್ಲ, ಅಷ್ಟು ಖುಷಿ.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಏನೂ ತಿನ್ನದೆ ಹೊರಟೆ, ತಿನ್ನುವ ಮನಸ್ಸಿರಲಿಲ್ಲ. ಖದೀಜ ನಸುಕಿಗೆ ಉಂಡದ್ದು ಎಷ್ಟೋ ಅಷ್ಟೇ. ಬ್ಯಾಂಕಿನಲ್ಲಿ ಮಾರ್ಚ್ ಕೊನೆಯ ರಶ್. ಅಲ್ಲಿ ಮುಗಿಸಿ ಆಫೀಸಿಗೆ ಬರುವಾಗ ಎರಡು ಗಂಟೆ ದಾಟಿತ್ತು. ಅಲ್ಲಿ ಮರುವಿನ ಬೆರಳು ಮೆಷಿನಿಗೆ ಹಿಡಿಯುವುದಿಲ್ಲ! ಸೂಜಿ ಚುಚ್ಚಿ ಚುಚ್ಚಿ ಬೆರಳಿನ ಗೆರೆಯೆಲ್ಲ ಹೋಗಿದೆ. ಒರೆಸಿದಳು, ತೊಳೆದಳು. ಖದೀಜ ತನ್ನ ತಲೆಯ ಎಣ್ಣೆ ತೆಗೆದು ಅವಳ ಹೆಬ್ಬೆರಳಿಗೆ ಹಚ್ಚಿದಳು. ನನ್ನ ತಲೆಯಲ್ಲೂ ಎಣ್ಣೆ ಇತ್ತು. ಕರೆಂಟು ಹೋಯಿತು, ಬಂತು. ಸಂಜೆ ಐದೂವರೆಗೆ ಎಡಗೈಯ ಉಂಗುರ ಬೆರಳನ್ನು ಮೆಷಿನು ಒಪ್ಪಿಕೊಂಡಿತು.

ಮೆಷಿನಿನ ಎದುರು ಕೂತವಳು ಫೋನ್ ಮಾಡಿದ ಹುಡುಗಿಯೇ, ಅಕ್ಷಿತಾ ಎಂದು ಹೆಸರು. ಕಾಗದ ಜೋಡಿಸುತ್ತಾ ಹೇಳಿದಳು, "ಕೊನೆಯ ದಿನದವರೆಗೆ ಯಾಕೆ ಕಾದದ್ದು ಅಮ್ಮ? ನಾನು ಹದಿಮೂರಕ್ಕೇ ಫೋನ್ ಮಾಡಿದ್ದೆನಲ್ಲ. ಯಾರೋ ಎತ್ತಿದರು, ಮಾತೇ ಆಡಲಿಲ್ಲ. ಕೇಳಿಸಲಿಲ್ಲವೋ ಎಂದು ಎರಡೆರಡು ಸಲ ಹೇಳಿದೆ."

ಮರು ನನ್ನ ಕಡೆಗೆ ತಿರುಗಿದಳು.

"ಹದಿಮೂರಕ್ಕೆ ನಿನಗೆ ಮೌನ ಇತ್ತು," ಎಂದಳು.

"ಹೌದು."

"ಹದಿನಾಲ್ಕಕ್ಕೆ?"

ಖದೀಜ ಗೋಡೆಯ ಕ್ಯಾಲೆಂಡರನ್ನು ಓದುತ್ತಾ ಇದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

"ನೀನು ಹೋಗಿಬಿಡ್ತೀ ಎಂದು," ಎಂದೆ. ಅಷ್ಟು ಜನರ ಎದುರು. ಅಕ್ಷಿತಾ ತಲೆ ತಗ್ಗಿಸಿ ಸೀಲು ಹಾಕಿದಳು.

ಮರು ಊರುಗೋಲು ತೆಗೆದುಕೊಂಡು ರಿಕ್ಷಾಕ್ಕೆ ಹೋಗಿ ಕೂತಳು. ನಾನು ಒಂದು ಬದಿಗೆ, ಖದೀಜ ಒಂದು ಬದಿಗೆ, ಅವಳು ನಡುವೆ. ಪೇಟೆ ದಾಟುವಾಗ ಸೂರ್ಯ ಮರದ ತಲೆಗೆ ಇಳಿದಿದ್ದ. ಮನೆಗೆ ಹೋಗಿ ಒಲೆ ಹೊತ್ತಿಸಿ ಉಣ್ಣುವಷ್ಟು ಹೊತ್ತಿಲ್ಲ. ಇರಲಿ, ನನಗೆ ಹಾಗೇ ಆಗಬೇಕು ಎಂದುಕೊಂಡೆ.

"ಕುಶಾಲಪ್ಪಣ್ಣ, ನಿಲ್ಲಿಸಿ!" ಖದೀಜ ಬೊಬ್ಬೆ ಹಾಕಿದಳು. "ಇವಳು ಬೆಳಿಗ್ಗಿನಿಂದ ಹಸಿದಿದ್ದಾಳೆ. ಸೂರ್ಯ ಮುಳುಗಿದರೆ ಇನ್ನು ನಾಳೆಗೇ." ತಾನೇ ಇಳಿದು, ಉಪವಾಸಕ್ಕೆ ತಲೆ ತಿರುಗಿ ಒಮ್ಮೆ ರಿಕ್ಷಾದ ಕಂಬಿ ಹಿಡಿದು ನಿಂತು, ಅಂಗಡಿಯಿಂದ ಕದಳಿ ಬಾಳೆಹಣ್ಣಿನ ಒಂದು ಚಿಪ್ಪು ತಂದಳು. "ಹಣ್ಣಿಗೆ ನನ್ನ ಕೈ ಮುಟ್ಟಲಿಲ್ಲ, ಸಿಪ್ಪೆ ಉಂಟು. ತಿನ್ನು."

ತಿಂದೆ. ನಾಲ್ಕು ತಿಂದೆ. ಅವಳು ಉಳಿದದ್ದನ್ನು ಮಡಿಲಲ್ಲಿ ಇಟ್ಟುಕೊಂಡು ಬೇರೆ ಕಡೆ ನೋಡುತ್ತಾ ಕೂತಿದ್ದಳು. ನಾನು ಬಾಟಲಿ ನೀರು ಕುಡಿದು ಬಾಯಿ ಒರೆಸಿದೆ. ಸ್ವಲ್ಪ ಹೊತ್ತಿಗೆ ದೂರದಿಂದ ಬಾಂಗ್ ಕೇಳಿತು. ಆಗ ಅವಳು ಬಿಸ್ಮಿಲ್ಲಾ ಎಂದು ಒಂದು ಹಣ್ಣು ಸುಲಿದಳು.

ಕುಶಾಲಪ್ಪ ಕನ್ನಡಿಯಲ್ಲಿ ನೋಡಿ, "ಎಂತ ಮಾರಾಯ್ರೆ, ಒಂದೇ ಚಿಪ್ಪು ಹಣ್ಣು ಎರಡು ಪಾಳಿಯಲ್ಲಿ ಖಾಲಿ ಆಗ್ತಾ ಉಂಟು," ಎಂದ.

ಮರು ಎರಡು ಪಾಳಿಯಲ್ಲೂ ತಿನ್ನಲಿಲ್ಲ.

ಮಾರ್ಚ್ ೩೧, ಸೋಮವಾರ

ಖದೀಜಳಿಗೆ ಹಬ್ಬ. ಮರು ಹೊಸ ರವಿಕೆ ಹಾಕಿಕೊಂಡು ಅಲ್ಲಿಗೆ ಹೋದಳು. ನನ್ನೊಟ್ಟಿಗೆ ಮಾತಿಲ್ಲ. ಸಾಯಂಕಾಲ ಖದೀಜ ನನಗೆ ಒಡೆಯದ ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಕಳಿಸಿದಳು. ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ನಾನು ತಿನ್ನುವುದಿಲ್ಲ ಎಂದು ಅವಳಿಗೆ ನೆನಪು ಉಂಟು. ಎಲ್ಲ ನೆನಪು ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಏಪ್ರಿಲ್ ೪

ಪ್ರಾಯಶ್ಚಿತ್ತಕ್ಕೆ ಉಪ್ಪು ಬಿಟ್ಟಿದ್ದೇನೆ. ಇವತ್ತು ಮರು ಬಾಯಿ ತೆರೆದಳು.

"ಉಪ್ಪು ಬಿಟ್ಟದ್ದು ನೀನು. ಸಪ್ಪೆ ಸಾರು ತಿನ್ನುವುದು ನಾನು. ಇದು ಯಾರ ಪ್ರಾಯಶ್ಚಿತ್ತ?"

ನಾಳೆಯಿಂದ ಅವಳದ್ದಕ್ಕೆ ಬೇರೆ ಪಾತ್ರೆ ಇಡಬೇಕು. ಮಾತಾಡಿದಳಲ್ಲ, ಅಷ್ಟು ಸಾಕು.

ಏಪ್ರಿಲ್ ೮, ಮಂಗಳವಾರ

ಹಣ ಬಂತು! ಮೆಸೇಜು ಎರಡು ಸಲ ಓದಿದೆ. ಬಾಕಿ ಎಲ್ಲ ಒಂದೇ ಸಲ ಬಿದ್ದಿದೆ. ಕಾಲಿಗೆ ಚಪ್ಪಲಿ ಹಾಕದೆ ಓಡಿದೆ. ಬೇಲಿಯ ಹತ್ತಿರ ಖದೀಜ ಸಿಕ್ಕಿದಳು. "ಬಂತು ಖದೀಜ, ಬಂತು!" ಎಂದುಬಿಟ್ಟೆ. ಅವಳು ಮೀನು ತೊಳೆಯುವ ಕೈಯಲ್ಲೇ ನನ್ನನ್ನು ಹಿಡಿದುಕೊಂಡಳು. ಮನೆಗೆ ಬಂದು ಸ್ನಾನ ಮಾಡಿದೆ. ಅಷ್ಟರೊಳಗೆ ಮರುವಿಗೆ ಅವಳೇ ಹೇಳಿಬಿಟ್ಟಿದ್ದಳು.

ಏಪ್ರಿಲ್ ೧೦, ಗುರುವಾರ

ಮಹಾವೀರ ಜಯಂತಿ. ಬಸದಿಯಿಂದ ಬಂದು ಮರುವಿನ ಎದುರು ಕೈ ಮುಗಿದೆ. ದೊಡ್ಡವಳು ನಾನು, ಆದರೂ ಮುಗಿದೆ. ಕ್ಷಮಿಸು ಎಂದೆ.

ಅವಳು ಮೆಷಿನು ನಿಲ್ಲಿಸಿದಳು. "ಕ್ಷಮಿಸಿದೆ ಎಂದರೆ ನಿನಗೆ ಕೂಡಲೇ ಸಮಾಧಾನ ಆಗ್ತದೆ ಅಕ್ಕ. ಸ್ವಲ್ಪ ದಿನ ಹೋಗಲಿ."

"ಎಷ್ಟು ದಿನ?"

"ನನಗೆ ಮೂರು ವರ್ಷ ಹಿಡಿಯಿತು ಬಾಕಿ ಸಿಗಲಿಕ್ಕೆ."

ಆಮೇಲೆ ನಗು ಬಂದು ಮುಖ ತಿರುಗಿಸಿದಳು. ಕೋಣೆಯ ವಿಷಯ ಕೇಳಿಬಿಟ್ಟೆ. ಶಹಲಾಳ ಅಂಗಡಿಯ ಹಿಂದಿನ ಕೋಣೆ ಬಟ್ಟೆ ಗಂಟು ಇಡಲಿಕ್ಕಂತೆ. "ನಾನು ಅಲ್ಲಿ ಮಲಗಿದರೆ ಇಲ್ಲಿ ನಿನ್ನನ್ನು ಯಾರು ನೋಡಿಕೊಳ್ಳುವುದು?" ಎಂದಳು. ನನ್ನನ್ನು ನೋಡಿಕೊಳ್ಳುವುದು! ಇಷ್ಟು ವರ್ಷ ಅವಳು ಹಾಗೆ ಎಣಿಸಿದ್ದಳಾ?

ಏಪ್ರಿಲ್ ೧೬, ಬುಧವಾರ

ಬಿ.ಸಿ. ರೋಡ್ ಪೇಟೆಯಿಂದ ಸ್ಕೂಟರು ಬಂತು. ಹಸಿರು ಬಣ್ಣ, ಒಂದು ಬದಿ ಗೀರಿದೆ. ಉಳಿದ ಹಣದಲ್ಲಿ ಮರು ಸಾದಾ ಫೋನು ತೆಗೆದುಕೊಂಡು, ಆಫೀಸಿಗೆ ಹೋಗಿ ನನ್ನ ನಂಬರು ತೆಗೆಸಿ ತನ್ನದು ಹಾಕಿಸಿ ಬಂದಳು. ಆ ವಿಷಯ ನನ್ನ ಹತ್ತಿರ ತಾನಾಗಿಯೇ ಹೇಳಿದಳು, ಮುಖ ನೋಡಿ. ಸರಿ ಎಂದೆ. ಸರಿಯೇ.

ಏಪ್ರಿಲ್ ೨೫

ಮರುವಿನ ಬಾಯಲ್ಲಿ ಈಗ ಶಹಲಾ ಹಾಗೆ ಹೇಳಿದಳು, ಶಹಲಾ ಹೀಗೆ ಕತ್ತರಿಸಿದಳು. ನಿನ್ನೆ ಬಟ್ಟೆ ತರಲಿಕ್ಕೆ ಇಬ್ಬರೂ ಬೆಳ್ತಂಗಡಿಗೆ ಹೋಗಿದ್ದರು. ಬರುವಾಗ ಕತ್ತಲು.

ಖದೀಜಳ ಜಗಲಿಯಲ್ಲಿ ಕೂತು ದಾರಿ ನೋಡಿದೆವು. "ನನಗೊಂದು ಫೋನ್ ಮಾಡುವುದಿಲ್ಲ ಮರು," ಎಂದಳು ಖದೀಜ. "ಅಪೀಲು ಮಾಡಿಸಿದ್ದು ನಾನು. ಅಂಗಡಿ ತೋರಿಸಿದ್ದು ನಾನು. ನನ್ನ ಅಣ್ಣನ ಮಗಳೇ ನನ್ನನ್ನು ಮರೆತಳು."

"ಹೋಗಲಿ ಬಿಡು," ಎಂದೆ. "ಅವರಿಗೆ ಪ್ರಾಯ."

"ಮರುವಿಗೆ ನಲವತ್ನಾಲ್ಕು!"

ಇಬ್ಬರೂ ಸೇರಿ ಶಹಲಾಳನ್ನು ಸ್ವಲ್ಪ ಬೈದೆವು. ಬೈಗುಳದಲ್ಲಿ ಖದೀಜಳಿಗೆ ಒಳ್ಳೆಯ ಕೈ ಉಂಟು. ಇದು ತಪ್ಪು, ಬರೆದಿಟ್ಟಿದ್ದೇನೆ.

ಮೇ ೪, ಭಾನುವಾರ

ಖದೀಜ ಬಂಟ್ವಾಳಕ್ಕೆ ತಂಗಿಯ ಮನೆಗೆ ಹೋಗಿದ್ದಾಳೆ. ಎರಡು ದಿನ ಎಂದು ಹೋದದ್ದು, ಇವತ್ತಿಗೆ ಆರು. ಆ ತಂಗಿಗೆ ಕೈಕಾಲು ಸರಿ ಉಂಟು, ಗಂಡ ಉಂಟು, ಸೊಸೆ ಉಂಟು. ಅಲ್ಲಿ ಕೂತು ಇವಳಿಗೆ ಏನು ಕೆಲಸ? ಆ ತಂಗಿ ಹೋದ ವರ್ಷ ಬಂದಾಗ ನೋಡಿದ್ದೇನೆ, ಮಾತಿಗೆ ಮೊದಲು ನಗು, ನಂಬಲಿಕ್ಕಾಗುವ ಜನ ಅಲ್ಲ.

ಸಾಯಂಕಾಲ ಫೋನ್ ಮಾಡಿದೆ. ನಾಳೆ ನಾಲ್ಕು ಗಂಟೆಯ ಬಸ್ಸಿಗೆ ಬರ್ತಾಳಂತೆ. ಹಿಂದಿನಿಂದ ತಂಗಿ, ಇನ್ನೆರಡು ದಿನ ಇರು ಎಂದು ಹೇಳುವುದು ಕೇಳಿಸಿತು.

ನಾಳೆ ನನಗೆ ಹೇಗೂ ಬಸ್ ಸ್ಟಾಪಿನ ಬದಿಗೆ ಹೋಗಲಿಕ್ಕುಂಟು. ಹೂ ಕಟ್ಟುವ ನೂಲು ಮುಗಿದಿದೆ.